ಮದುವಿ ಮನೆಯಾಗ ಫೋಟೋ ಕೆಟ್ಟರೆ: ಹವ್ಯಾಸಿಗಳಿಗೊಂದು ದೋಷ ನಿವಾರಣೆ ಕೈಪಿಡಿ

ಮನೆತನದಲ್ಲಿ ಒಬ್ಬರ ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಕಂಡರೆ ಸಾಕು, ಕುಬಸ, ತೊಟ್ಟಿಲು, ಜವಳ, ವಾಸ್ತುಶಾಂತಿ, ಕೊನೆಗೆ ಮದುವೆಗೂ ‘ನೀನ ತಗೀಪಾ, ಹೊರಗಿನವ್ರು ಯಾಕ’ ಎಂಬ ಮಾತು ಬರುತ್ತದೆ. ಒಪ್ಪಿಕೊಂಡ ಮೇಲೆ ಕೆಲಸ ಕೆಲಸವೇ. ಪುಕ್ಕಟೆ ತೆಗೆದದ್ದೆಂದು ಮಸುಕಾದ ಫೋಟೋವನ್ನು ಯಾರೂ ಮೆಚ್ಚಿಕೊಳ್ಳುವುದಿಲ್ಲ. ಈ ಬರಹ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹಂದರ, ಮಂಗಲ ಕಾರ್ಯಾಲಯ, ಬಿಸಿಲು, ಧೂಳನ್ನು ಲೆಕ್ಕಕ್ಕೆ ಹಿಡಿದು ಬರೆದದ್ದು. ಕೈಯಲ್ಲಿರುವುದು ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಸಣ್ಣ) ಸೆನ್ಸರಿನ ಒಂದು ಕ್ಯಾಮೆರಾ, ಅದರ ಜೊತೆ ಬಂದ 18–55 ಲೆನ್ಸ್, ಸಾಧ್ಯವಿದ್ದರೆ ಒಂದು 50 ಎಂಎಂ ಎಫ್ 1.8, ಒಂದು ಫ್ಲ್ಯಾಶ್ ಎಂದು ಇಟ್ಟುಕೊಳ್ಳೋಣ.

ಕಾರ್ಯ ನಡೆದಿರುವಾಗ ಮೆನು ತಡಕಾಡಲು ಪುರುಸೊತ್ತು ಇರುವುದಿಲ್ಲ. ‘ತಾಳಿ ಇನ್ನೊಮ್ಮೆ ಕಟ್ರಿ’ ಅನ್ನಲಾಗದು. ಹೀಗಾಗಿ ದೋಷ ಹುಡುಕಲು ಇರುವ ದಾರಿ ಒಂದೇ, ಕೆಟ್ಟ ಫೋಟೋವನ್ನೇ ದೊಡ್ಡದು ಮಾಡಿ ಓದುವುದು. ಏನು ಕೆಟ್ಟಿದೆ ಎಂಬುದು ಅದರೊಳಗೇ ಇರುತ್ತದೆ. ಓದದೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಅಪರ್ಚರ್ (ಲೆನ್ಸ್ ತೆರೆಯುವ ಕಿಂಡಿ, ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು), ಫ್ಲ್ಯಾಶ್ ಎಲ್ಲವನ್ನೂ ಒಮ್ಮೆಲೇ ತಿರುವಿದರೆ ಒಂದಿದ್ದ ದೋಷ ಮೂರಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೂಡಲೇ ಒಂದು ಪರೀಕ್ಷಾ ಫೋಟೋ ತೆಗೆದು ನೋಡಿ.

ಏನೇ ಕೆಟ್ಟರೂ ಮೊದಲು ನೋಡುವವು

ಕ್ಯಾಮೆರಾ ಕೆಟ್ಟಿದೆ ಅನ್ನುವ ಮುಂಚೆ ಅರ್ಧ ನಿಮಿಷ ಇಷ್ಟಕ್ಕೆ ಕೊಡಿ. ಲೆನ್ಸಿನ ಮೇಲಿನ ಫೋಕಸ್ ಸ್ವಿಚ್ ಮ್ಯಾನ್ಯುವಲ್‌ಗೆ ಜಾರಿದೆಯೇ? ಚೀಲದಿಂದ ತೆಗೆಯುವಾಗ ಇದು ಜಾರುವುದು ಮಾಮೂಲು. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಫೋಟೋವನ್ನು ಬೆಳಗಿಸುವ, ಕತ್ತಲಾಗಿಸುವ ತಿದ್ದುಪಡಿ) ಸೊನ್ನೆಯಲ್ಲಿದೆಯೇ, ಹಿಂದಿನ ದಿನದ ಮೈನಸ್ 1 ಹಾಗೇ ಉಳಿದಿದೆಯೇ? ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ) ಯಾವುದರಲ್ಲಿದೆ? ಮೀಟರಿಂಗ್ (ಬೆಳಕು ಅಳೆಯುವ ಬಗೆ) ಒಂದೇ ಚುಕ್ಕಿ ಅಳೆಯುವ ಸ್ಪಾಟ್‌ನಲ್ಲಿ ಸಿಕ್ಕಿಬಿದ್ದಿದೆಯೇ? ಲೆನ್ಸಿನ ಮುಂದಿನ ಗಾಜಿಗೆ ಬೆರಳಿನ ಜಿಡ್ಡು ಹತ್ತಿದೆಯೇ? ವ್ಯೂಫೈಂಡರ್‌ನಲ್ಲಿ ಎಲ್ಲವೂ ಮಸುಕು ಕಂಡು, ತೆಗೆದ ಫೋಟೋ ಮಾತ್ರ ಚೊಕ್ಕಟವಾಗಿದ್ದರೆ ಅದರ ಪಕ್ಕದ ಪುಟ್ಟ ಡಯಾಪ್ಟರ್ ಚಕ್ರ ತಿರುಗಿದೆ, ಅಷ್ಟೇ.

ಮದುವೆ ಮನೆಯಲ್ಲಿ ಕೇಳಿಬರುವ ‘ಕ್ಯಾಮೆರಾ ಕೈಕೊಟ್ಟಿತು’ಗಳಲ್ಲಿ ಬಹಳಷ್ಟು ಇಲ್ಲಿಗೇ ಮುಗಿಯುತ್ತವೆ.

ಫೋಟೋ ಮಸುಕಾಗಿದೆ

ಮಸುಕು ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ರೋಗಗಳಿವೆ, ಮದ್ದೂ ಬೇರೆ ಬೇರೆ. ಫೋಟೋವನ್ನು ನೂರಕ್ಕೆ ನೂರು ಜೂಮ್ ಮಾಡಿ.

ಮದುಮಗಳ ಮುಖ ಮಸುಕು, ಹಿಂದಿನ ಹೂವಿನ ಪರದೆ ಮಾತ್ರ ಚೂಪಾಗಿದೆ ಎಂದರೆ ಫೋಕಸ್ ತಪ್ಪಾದ ಜಾಗಕ್ಕೆ ಹೋಗಿದೆ. ಕ್ಯಾಮೆರಾಕ್ಕೆ ಎಲ್ಲಾ ಬಿಂದುಗಳನ್ನೂ ಬಿಟ್ಟುಕೊಟ್ಟಾಗ ಅದು ಹೊಳೆಯುವ, ಗೆರೆ ಸ್ಪಷ್ಟವಿರುವ ವಸ್ತುವನ್ನು ಹಿಡಿಯುತ್ತದೆ, ಅಂದರೆ ಸೀರಿಯಲ್ ಲೈಟು, ಜರಿ, ಚೆಂಡುಹೂವಿನ ಮಾಲೆ. ಕಣ್ಣು ಗುರುತಿಸುವ ಸೌಲಭ್ಯ ಇದ್ದರೂ ಬಾಸಿಂಗದ ಎಳೆಗಳು ಮುಖದ ಮೇಲೆ ಇಳಿಬಿದ್ದಾಗ ಅದು ಸೋಲುತ್ತದೆ, ಎಳೆಯ ಮೇಲೇ ಫೋಕಸ್ ನಿಲ್ಲುತ್ತದೆ. ಬಾಸಿಂಗ ಕಟ್ಟಿದ ಮೇಲೆ ಒಂಟಿ ಬಿಂದುವಿಗೆ ಬದಲಿಸಿ ಅದನ್ನು ಮೂಗುತಿಯ ಮೇಲೋ ಗಲ್ಲದ ಅಂಚಿನ ಮೇಲೋ ಇಡಿ. ಬರಿಯ ಕೆನ್ನೆಯ ಮೇಲೆ ಇಟ್ಟರೆ ಹಿಡಿಯಲು ಗೆರೆ ಸಿಗದೆ ಲೆನ್ಸ್ ಹಿಂದೆ ಮುಂದೆ ಓಡಾಡುತ್ತದೆ.

ಇನ್ನೊಂದು ಕಾರಣ, ಅಪರ್ಚರ್ ವಿಪರೀತ ತೆರೆದಿರುವುದು. 50 ಎಂಎಂ ಲೆನ್ಸನ್ನು ಎಫ್ 1.8ರಲ್ಲಿ ಇಟ್ಟು 2 ಮೀಟರ್ ದೂರದಿಂದ ತೆಗೆದರೆ ಎಪಿಎಸ್-ಸಿ ಸೆನ್ಸರಿನಲ್ಲಿ ಚೂಪಾಗಿ ಬರುವ ಆಳ ಸುಮಾರು 11 ಸೆಂಟಿಮೀಟರ್ ಮಾತ್ರ. ಮದುಮಗಳು ಚೂಪು, ಅರ್ಧ ಗೇಣು ಹಿಂದೆ ನಿಂತ ಮದುಮಗ ಮಸುಕು. ಎಫ್ 4ಕ್ಕೆ ತಂದರೆ ಅದು ಸುಮಾರು 25 ಸೆಂಟಿಮೀಟರ್ ಆಗುತ್ತದೆ, ಜೋಡಿಗೆ ಸಾಕು. ಬೀಗರ ಗುಂಪನ್ನು ಮೂರು ಸಾಲು ಮಾಡಿ ನಿಲ್ಲಿಸಿದಾಗ 35 ಎಂಎಂ, ಎಫ್ 5.6, ಫೋಕಸ್ 5 ಮೀಟರಿಗೆ. ಇಷ್ಟಿದ್ದರೆ ಸುಮಾರು ಮೂರೂವರೆ ಮೀಟರಿನಿಂದ ಒಂಬತ್ತು ಮೀಟರ್ ತನಕ ಎಲ್ಲರ ಮುಖವೂ ಬರುತ್ತದೆ. ಇಂಥ ಗುಂಪಿನಲ್ಲಿ ಮೊದಲ ಸಾಲಿನವರ ಮೇಲೆ ಫೋಕಸ್ ಮಾಡಿ, ಹಿಂದೆ ಜಾಗ ಉಳಿಯುತ್ತದೆ.

ಎರಡನೆಯದು, ಎಲ್ಲಿಯೂ ಯಾವುದೂ ಚೂಪಿಲ್ಲ, ದೀಪಗಳೆಲ್ಲ ಒಂದೇ ದಿಕ್ಕಿಗೆ ಎಳೆದ ಗೀಟಿನಂತಿವೆ. ಕೈ ಅಲುಗಿದೆ. ಲೆನ್ಸಿನ ಎಂಎಂ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಿ, ಶಟರ್ (ಅದು ತೆರೆದಿರುವ ಸೆಕೆಂಡಿನ ಪಾಲು) ಅದಕ್ಕಿಂತ ನಿಧಾನ ಆಗದಂತೆ ನೋಡಿ. 50 ಎಂಎಂಗೆ 1/80, 200 ಎಂಎಂಗೆ 1/320. ಲೆನ್ಸಿನಲ್ಲಿ ಸ್ಟೆಬಿಲೈಜರ್ ಇದ್ದರೆ ಇನ್ನೂ ನಿಧಾನಕ್ಕೆ ಇಳಿಯಬಹುದು. ಆದರೆ ಅದು ನಿಮ್ಮ ಕೈಯನ್ನು ತಡೆದೀತೇ ಹೊರತು ಎದುರಿನವರ ಕೈಯನ್ನಲ್ಲ.

ಅದೇ ಮೂರನೆಯದು. ಮಂಟಪ, ಕಂಬ, ಕುಳಿತ ಹಿರಿಯರು ಚೂಪು, ಆರತಿ ಎತ್ತಿದ ಕೈ ಮಾತ್ರ ಮಸುಕು. ಇದಕ್ಕೆ ಶಟರ್ ವೇಗ ಒಂದೇ ಮದ್ದು. ನಿಂತವರಿಗೆ 1/125, ಆರತಿ, ಅರಿಷಿಣ ಹಚ್ಚುವುದಕ್ಕೆ 1/250, ಬ್ಯಾಂಜೋ ಮುಂದೆ ಕುಣಿಯುವ ಹುಡುಗರಿಗೆ 1/500. ಆಟೊ ಐಎಸ್‌ಒ ಇಟ್ಟು ‘ಕನಿಷ್ಠ ಶಟರ್’ ಅನ್ನು 1/160ಕ್ಕೆ ಕಟ್ಟಿಹಾಕಿದರೆ ಗಡಿಬಿಡಿಯಲ್ಲೂ ಈ ದೋಷ ಬಹುಪಾಲು ಬರುವುದಿಲ್ಲ.

ನಾಲ್ಕನೆಯದು, ಗೆರೆಗಳಿವೆ, ಆದರೆ ಮೇಲೊಂದು ಬೆಳ್ಳನೆ ಪೊರೆ, ದೀಪದ ಸುತ್ತ ಮಂಜು. ಗಾಜಿಗೆ ಜಿಡ್ಡು ಹತ್ತಿದೆ, ಹೋಮದ ಹೊಗೆ ತುಂಬಿದೆ, ಇಲ್ಲವೇ ಲೆನ್ಸಿನೊಳಗೆ ಬೂಷ್ಟು ಬೆಳೆದಿದೆ. ಬೆಳಗಾವಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟವರಿಗೆ ಈ ಬೂಷ್ಟಿನ ಪರಿಚಯ ಚೆನ್ನಾಗಿ ಇರುತ್ತದೆ. ಲೆನ್ಸಿನ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಒರೆಸಿದರೆ ಹೋಗುವುದಲ್ಲ, ಬಿಚ್ಚಿ ತೊಳೆಯುವವರಿಗೇ ಕೊಡಬೇಕು.

ಕಾರ್ಯಾಲಯದೊಳಗೆ ಎಲ್ಲ ಕತ್ತಲು, ಕಾಳು ಕಾಳು

ಇದರ ಹಿಂದಿನ ಲೆಕ್ಕ ತಿಳಿದರೆ ಅರ್ಧ ಚಿಂತೆ ಹೋಗುತ್ತದೆ. ಸುಮಾರು 100 ಲಕ್ಸ್ ಬೆಳಕಿರುವ ಒಳಾಂಗಣದಲ್ಲಿ ಐಎಸ್‌ಒ 3200, ಎಫ್ 2.8, 1/160 ಹಾಕಿದರೆ ಸರಿಯಾದ ಫೋಟೋ ಬರುತ್ತದೆ. ಅದೇ ಜಾಗದಲ್ಲಿ 18–55 ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅದು ತೆರೆಯುವುದೇ ಎಫ್ 5.6 ತನಕ. ಎರಡು ಸ್ಟಾಪ್ ಬೆಳಕು ಅಲ್ಲೇ ಹೋಯಿತು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡು ಪಟ್ಟು). ಈಗ ಐಎಸ್‌ಒ 12800 ಬೇಕು, ಇಲ್ಲವೇ ಶಟರ್ 1/40ಕ್ಕೆ ಇಳಿಯಬೇಕು. ಒಂದರಲ್ಲಿ ಕಾಳು (ನಾಯ್ಸ್ ಎಂಬ ಚುಕ್ಕೆಗಳು), ಇನ್ನೊಂದರಲ್ಲಿ ಮಸುಕು. ದೂರ ನಿಂತು ಜೂಮ್ ಎಳೆಯುವ ಬದಲು ಲೆನ್ಸನ್ನು 18–24ರಲ್ಲಿ ಇಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ. ಆ ತುದಿಯಲ್ಲಿ ಅದು ಎಫ್ 3.5–4 ತೆರೆಯುತ್ತದೆ. ಹೊಸ ಕ್ಯಾಮೆರಾ ಕೊಳ್ಳುವ ಹಣದಲ್ಲಿ ಒಂದು 50 ಎಂಎಂ ಎಫ್ 1.8 ಮತ್ತು ಒಂದು ಸಾಧಾರಣ ಫ್ಲ್ಯಾಶ್ ತಂದುಕೊಳ್ಳುವುದು ಎಷ್ಟೋ ಜಾಣತನ.

ಕತ್ತಲಲ್ಲಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುತ್ತೇವೆ ಎಂದು ಐಎಸ್‌ಒ ಕಡಿಮೆ ಇಡುವವರಿದ್ದಾರೆ. ಹಾಗೆ ಎಳೆದು ಬೆಳಗಿಸಿದ ನೆರಳಿನಲ್ಲಿ ಕಾಳು ಇನ್ನೂ ಹೆಚ್ಚು ಕಾಣುತ್ತವೆ. 6400ರ ಸರಿಯಾದ ಫೋಟೋ 1600ರ ಕತ್ತಲ ಫೋಟೋಗಿಂತ ಮೇಲು.

ವೇದಿಕೆಯ ಹಿಂದೆ ಎಲ್‌ಇಡಿ ಪರದೆ ಇದ್ದರೆ ಮುಖಗಳು ಕಪ್ಪಾಗುತ್ತವೆ. ಮೀಟರ್ ಆ ಹೊಳೆಯುವ ಪರದೆಯನ್ನು ಅಳೆದು ‘ಬೆಳಕು ಸಾಕು’ ಎಂದುಕೊಳ್ಳುತ್ತದೆ. ಪ್ಲಸ್ 1 ಕಾಂಪನ್ಸೇಶನ್ ಕೊಟ್ಟರೆ ಮುಖ ಬರುತ್ತದೆ, ಪರದೆ ಸುಟ್ಟು ಬಿಳಿಯಾಗುತ್ತದೆ. ನಿಜವಾದ ಪರಿಹಾರ ಪರದೆ ನಡೆಸುವ ಹುಡುಗನ ಕೈಯಲ್ಲಿದೆ. ‘ತಮ್ಮಾ, ಬ್ರೈಟ್‌ನೆಸ್ ಒಂದೀಟ ಕಡಿಮಿ ಮಾಡಪಾ’ ಎಂದು ಕಾರ್ಯ ಶುರುವಾಗುವ ಮುಂಚೆಯೇ ಕೇಳಿ, ಪರದೆಯೂ ಮುಖವೂ ಒಂದೇ ಫೋಟೋದಲ್ಲಿ ಸರಿ ಬರುವ ತನಕ ಇಳಿಸಿಸಿ. ಬಿಳಿ ದೋತರ, ಬಿಳಿ ಅಂಗಿ, ಗಾಂಧಿ ಟೊಪ್ಪಿಗೆಯ ಹಿರಿಯರ ಸಾಲು ತೆಗೆಯುವಾಗಲೂ ಇದೇ ತೊಂದರೆ ಸಣ್ಣ ಪ್ರಮಾಣದಲ್ಲಿ ಬರುತ್ತದೆ. ಬಿಳಿ ಬೂದಿಬಣ್ಣವಾಗಿ, ಮುಖ ಕಪ್ಪಾಗಿ ಬರುತ್ತದೆ. ಅಲ್ಲಿ ಪ್ಲಸ್ 0.7 ಸಾಕು.

ನಡುಹಗಲಿನ ಮುಹೂರ್ತ, ಕಣ್ಣಿನ ಕೆಳಗೆ ಕಪ್ಪು

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆ ಆಸುಪಾಸಿನ ಮುಹೂರ್ತ ಹೆಚ್ಚು. ನಮ್ಮ ರೇಖಾಂಶಕ್ಕೆ ಸೂರ್ಯ ಅತಿ ಎತ್ತರಕ್ಕೆ ಬರುವುದೂ ಗಡಿಯಾರದ ಹನ್ನೆರಡೂವರೆಯ ಹತ್ತಿರವೇ. ಅದರಲ್ಲೂ ಮೇ ಮೊದಲ ವಾರದ ಹೊತ್ತಿಗೆ ಈ ಮೂರೂ ಜಿಲ್ಲೆಗಳಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಹಂದರದ ಹೊರಗೆ ನಿಲ್ಲಿಸಿದವರ ಕಣ್ಣಿನ ಗುಳಿ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುವುದಕ್ಕೆ ಕಾರಣ ಇದು, ಲೆನ್ಸಲ್ಲ.

ಜನರನ್ನು ಹಂದರದ ಅಂಚಿನಿಂದ ಎರಡು ಹೆಜ್ಜೆ ಒಳಗೆ, ಮುಖ ಹೊರಗಿನ ಬಯಲಿನ ಕಡೆ ಮಾಡಿ ನಿಲ್ಲಿಸಿ. ನೆಲದಿಂದ ಪುಟಿದು ಬರುವ ಬೆಳಕು ಮುಖ ತುಂಬುತ್ತದೆ. ಬಿಸಿಲಿನಲ್ಲೇ ತೆಗೆಯಬೇಕಾದರೆ ಐಎಸ್‌ಒ 100, ಎಫ್ 11, 1/200, ಜೊತೆಗೆ ಫ್ಲ್ಯಾಶ್ ಮೈನಸ್ 1. ಹಣೆಯ ಮೇಲೆ ಬೆವರು ಹೊಳೆಯುತ್ತಿದ್ದರೆ ಫ್ಲ್ಯಾಶ್ ಅದನ್ನು ಇನ್ನೂ ಹೊಳೆಯಿಸುತ್ತದೆ. ಒಂದು ಕರವಸ್ತ್ರ ಜೇಬಿನಲ್ಲಿರಲಿ.

ಬಣ್ಣ ಕೆಟ್ಟಿದೆ

ಎಲ್ಲರ ಮುಖಕ್ಕೂ ಒಂದೇ ಬಣ್ಣ ಬಳಿದಂತಿದ್ದರೆ ಮೇಲೆ ನೋಡಿ. ಹಳದಿ, ಗುಲಾಬಿ ಅಥವಾ ನೀಲಿ ಬಟ್ಟೆಯ ಹಂದರದ ಮೂಲಕ ಸೋಸಿ ಬಂದ ಬಿಸಿಲು ಅದೇ ಬಣ್ಣ ಹೊತ್ತು ಬರುತ್ತದೆ. ಇದು ಸುಲಭದ ದೋಷ. ಅದೇ ಬೆಳಕಿನಲ್ಲಿ ಯಾರದಾದರೂ ಬಿಳಿ ದೋತರವನ್ನು ಚೌಕಟ್ಟು ತುಂಬ ತೆಗೆದು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿದರೆ ಬಹುಪಾಲು ಸರಿಯಾಗುತ್ತದೆ. ತುಂಬ ನೀಲಿ ಹಾಕಿದ ದೋತರ ಬೇಡ, ಮುಖ ಹಳದಿಗೆ ತಿರುಗುತ್ತದೆ.

ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ ಎಂದರೆ ಎರಡು ಬಗೆಯ ಬೆಳಕು ಬೆರೆತಿದೆ. ಬಾಗಿಲಿನಿಂದ 5500 ಕೆಲ್ವಿನ್ ಆಸುಪಾಸಿನ ಹಗಲು, ವಿಡಿಯೋದವರಿಂದ 3200 ಕೆಲ್ವಿನ್ ಹ್ಯಾಲೋಜನ್. ಯಾವ ವೈಟ್ ಬ್ಯಾಲೆನ್ಸೂ ಎರಡನ್ನೂ ಸರಿಮಾಡಲಾರದು. ಒಂದೋ ಬಾಗಿಲಿನ ಪರದೆ ಎಳೆಸಿ, ಇಲ್ಲವೇ ಜೋಡಿಯನ್ನು ತಿರುಗಿಸಿ ಒಂದೇ ಬೆಳಕು ಮುಖಕ್ಕೆ ಬೀಳುವಂತೆ ಮಾಡಿ. ಹ್ಯಾಲೋಜನ್ ಜೊತೆ ಫ್ಲ್ಯಾಶ್ ಬಳಸುವಾಗ ಅದರ ಮುಂದೆ ಕಿತ್ತಳೆ ಬಣ್ಣದ ಜೆಲ್ ಹಚ್ಚಿ, ವೈಟ್ ಬ್ಯಾಲೆನ್ಸನ್ನು ಟಂಗ್‌ಸ್ಟನ್‌ಗೆ ಇಡಿ. ಕಪ್ಪು-ಬಿಳುಪು ಮಾಡಿ ಪಾರಾಗುವ ಉಪಾಯ ಪುಸ್ತಕಗಳಲ್ಲಿದೆ, ನಮ್ಮ ಹಿರಿಯರ ಮುಂದೆ ನಡೆಯುವುದಿಲ್ಲ. ಮದುವಿ ಫೋಟೋಕ್ಕೆ ಬಣ್ಣ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಒಂದು ಫೋಟೋ ಕೆಂಪು, ಮರುಕ್ಷಣದ್ದು ಹಸಿರು ಬಂದರೆ ಅಲಂಕಾರದ ಎಲ್‌ಇಡಿ ದೀಪಗಳು ತಾವೇ ಬಣ್ಣ ಬದಲಿಸುತ್ತಿವೆ. ಅಕ್ಕಿಕಾಳು (ಅಕ್ಷತೆ) ಮುಗಿಯುವ ತನಕ ಅವನ್ನು ಒಂದೇ ಬಣ್ಣಕ್ಕೆ, ಸಾಧ್ಯವಾದರೆ ಬಿಳಿಗೆ, ನಿಲ್ಲಿಸಲು ಡೆಕೋರೇಶನ್‌ನವರಿಗೆ ಹೇಳಿ.

ಅರಿಷಿಣದ ಕಾರ್ಯದಲ್ಲಿ ಆಟೊ ವೈಟ್ ಬ್ಯಾಲೆನ್ಸ್ ಖಂಡಿತ ಬೇಡ. ಚೌಕಟ್ಟು ತುಂಬ ಹಳದಿ ಕಂಡ ಕ್ಯಾಮೆರಾ ಅದನ್ನು ತಗ್ಗಿಸಲು ನೀಲಿ ಬೆರೆಸುತ್ತದೆ. ಅರಿಷಿಣ ಬೂದಿಯಂತೆ, ಚರ್ಮ ಸತ್ತಂತೆ ಬರುತ್ತದೆ. ಅಂಗಳದಲ್ಲಿದ್ದರೆ ಡೇಲೈಟ್, ನೆರಳಿನಲ್ಲಿದ್ದರೆ ಶೇಡ್ ಎಂದು ಕೈಯಾರೆ ಇಡಿ.

ಇನ್ನು ಕೆಂಪು. ಇಳಕಲ್ಲ ಸೀರೆಯ ಕೆಂಪು ಸೆರಗು, ಕುಂಕುಮ, ಗುಲಾಬಿ ಮಾಲೆ ಇವು ಮಡಿಕೆ, ನೂಲು, ಎಸಳು ಏನೂ ಕಾಣದೆ ಒಂದೇ ಕೆಂಪು ತೇಪೆಯಾಗಿ ಬರುತ್ತವೆ. ಒಟ್ಟು ಹಿಸ್ಟೋಗ್ರಾಂ (ಕತ್ತಲಿಂದ ಬೆಳಕಿನ ತನಕ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ತೆರೆದಾಗ ಮಾತ್ರ ಕೆಂಪಿನ ಗುಡ್ಡ ಬಲಗೋಡೆಗೆ ಹೋಗಿ ಗುದ್ದಿರುವುದು ತಿಳಿಯುತ್ತದೆ. ಎಕ್ಸ್‌ಪೋಶರ್ ಮೈನಸ್ 0.7 ಮಾಡಿ, ಪಿಕ್ಚರ್ ಸ್ಟೈಲನ್ನು ವಿವಿಡ್‌ನಿಂದ ನ್ಯೂಟ್ರಲ್‌ಗೆ ತನ್ನಿ. ರಾ (ಕ್ಯಾಮೆರಾ ಸಂಸ್ಕರಿಸದ ಫೈಲು) ತೆಗೆಯುವವರೂ ಸ್ಟೈಲ್ ಬದಲಿಸುವುದು ಒಳ್ಳೆಯದು, ಏಕೆಂದರೆ ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಂ ಜೆಪೆಗ್‌ನದ್ದು.

ಗುಳೇದಗುಡ್ಡದ ಖಣದ ಕುಪ್ಪಸದ ಮೇಲೆ ಕಾಮನಬಿಲ್ಲಿನಂಥ ಅಲೆ ಕಂಡರೆ ಬಟ್ಟೆಯದೇನೂ ತಪ್ಪಿಲ್ಲ. ಖಣದ ಒತ್ತೊತ್ತಾದ ಸಣ್ಣ ನೇಯ್ಗೆಗೂ ಸೆನ್ಸರಿನ ಚುಕ್ಕಿಗಳ ಸಾಲಿಗೂ ತಾಕಲಾಟ ಬಿದ್ದಿದೆ. ಇದನ್ನು ಮ್ವಾರೆ ಎನ್ನುತ್ತಾರೆ. ಮೊದಲು ನೂರಕ್ಕೆ ನೂರು ಜೂಮ್ ಮಾಡಿ ನೋಡಿ, ಸಣ್ಣ ಪರದೆ ಕೆಲವೊಮ್ಮೆ ಇಲ್ಲದ ಅಲೆಯನ್ನೂ ತೋರಿಸುತ್ತದೆ. ಜೂಮ್ ಮಾಡಿದರೂ ಉಳಿದಿದ್ದರೆ ಒಂದು ಹೆಜ್ಜೆ ಹಿಂದೆ ಅಥವಾ ಮುಂದೆ ಸರಿದು ಮತ್ತೆ ತೆಗೆಯಿರಿ, ಸಾಮಾನ್ಯವಾಗಿ ಅಷ್ಟಕ್ಕೇ ಹೋಗುತ್ತದೆ.

ಫೋಟೋದಲ್ಲಿ ಅಡ್ಡ ಪಟ್ಟಿಗಳು

ಪಟ್ಟಿ ಎರಡು ಬಗೆ. ಇಡೀ ಫೋಟೋ ತುಂಬ ಬೆಳಕು-ಕತ್ತಲ ಪಟ್ಟಿಗಳು ಸಾಲಾಗಿದ್ದರೆ ದೀಪ ಮಿನುಗುತ್ತಿದೆ. ನಮ್ಮ ವಿದ್ಯುತ್ 50 ಹರ್ಟ್ಜ್, ಅದರ ಮೇಲೆ ಉರಿಯುವ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/500 ಇದ್ದಾಗ ಆ ಏರಿಳಿತದ ಒಂದು ತುಂಡು ಮಾತ್ರ ಸಿಗುತ್ತದೆ. ಸೈಲೆಂಟ್ ಅಂದರೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಇದು ಅತಿ ಹೆಚ್ಚು. ಮೊದಲು ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಇದ್ದರೆ ಹಚ್ಚಿ. ಹೋಗದಿದ್ದರೆ 1/100 ಅಥವಾ 1/50 ಇಡಿ. ಕರೆಂಟ್ ಹೋಗಿ ಜನರೇಟರ್ ಓಡುವಾಗ ಆವರ್ತನ 50ರಲ್ಲೇ ಕಟ್ಟುನಿಟ್ಟಾಗಿ ನಿಲ್ಲದಿರಬಹುದು. ಆಗ ಸರಿಯಿದ್ದ ಸೆಟ್ಟಿಂಗೂ ಕೆಡುತ್ತದೆ, ಮತ್ತೆ ಪರೀಕ್ಷಿಸಿ.

ಚೌಕಟ್ಟಿನ ಒಂದು ಬದಿಗೆ ಮಾತ್ರ ಒಂದೇ ಕಪ್ಪು ಪಟ್ಟಿ, ಅದೂ ಫ್ಲ್ಯಾಶ್ ಹಚ್ಚಿದಾಗ ಮಾತ್ರ ಎಂದರೆ ಶಟರ್ ಫ್ಲ್ಯಾಶಿನ ಮಿತಿ ದಾಟಿದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಈ ಮಿತಿ 1/200 ಅಥವಾ 1/250. ಅದಕ್ಕೆ ಇಳಿಸಿ, ಇಲ್ಲವೇ ಎಚ್‌ಎಸ್‌ಎಸ್ (ವೇಗದ ಶಟರಿಗೂ ಫ್ಲ್ಯಾಶ್ ಹೊಂದಿಸುವ ಸೌಲಭ್ಯ) ಹಚ್ಚಿ. ಎಚ್‌ಎಸ್‌ಎಸ್‌ನಲ್ಲಿ ಫ್ಲ್ಯಾಶಿನ ಬಲ ಬಹಳ ತಗ್ಗುತ್ತದೆ, ದೂರದವರಿಗೆ ತಲುಪುವುದಿಲ್ಲ.

ಫ್ಲ್ಯಾಶ್ ಹೊತ್ತಿದರೂ ಬೆಳಕಿಲ್ಲ

ಮನೆಯಲ್ಲಿ ಚೆನ್ನಾಗಿ ಬಂದ ಬೌನ್ಸ್ ಫ್ಲ್ಯಾಶ್ (ಚಾವಣಿಗೆ ಹೊಡೆದು ಪುಟಿಸಿದ್ದು) ಕಾರ್ಯಾಲಯದಲ್ಲಿ ಸೋಲುವುದಕ್ಕೆ ಚಾವಣಿಯ ಎತ್ತರವೇ ಕಾರಣ. ಎದುರಿನವರು ಎರಡೂವರೆ ಮೀಟರ್ ದೂರದಲ್ಲಿದ್ದು, ಚಾವಣಿ 3 ಮೀಟರ್ ಇದ್ದರೆ ಬೆಳಕು ಮೇಲೆ ಹೋಗಿ ಬರಲು ಸುಮಾರು 4 ಮೀಟರ್ ನಡೆಯುತ್ತದೆ. ಚಾವಣಿ 7 ಮೀಟರ್ ಆದರೆ 11 ಮೀಟರ್ ದಾಟುತ್ತದೆ. ಮೂರು ಸ್ಟಾಪ್ ನಷ್ಟ, ಅಂದರೆ ಬೆಳಕು ಎಂಟರಲ್ಲಿ ಒಂದು ಪಾಲು. ಚಾವಣಿ ಬಿಟ್ಟು ಪಕ್ಕದ ಬಿಳಿ ಗೋಡೆಗೆ ತಿರುಗಿಸಿ. ಗೋಡೆಯೂ ದೂರವಿದ್ದರೆ ನೇರ ಹೊಡೆಯಿರಿ, ಆದರೆ ಐಎಸ್‌ಒ 1600, ಶಟರ್ 1/100 ಇಟ್ಟು ಸುತ್ತಲಿನ ಬೆಳಕೂ ಬರುವಂತೆ ನೋಡಿ, ಫ್ಲ್ಯಾಶ್ ಮೈನಸ್ 1 ಮಾಡಿ. ಹಿಂದೆ ಕಗ್ಗತ್ತಲು, ಮುಂದೆ ಸುಣ್ಣ ಬಳಿದ ಮುಖ ಬರುವುದು ಹೀಗೆ ಮಾಡದಾಗ. ಬಣ್ಣದ ಬಟ್ಟೆ ಕಟ್ಟಿದ ಹಂದರಕ್ಕೆ ಬೌನ್ಸ್ ಮಾಡಲೇಬೇಡಿ.

ಒಮ್ಮೆ ಹೊತ್ತಿ ಮತ್ತೊಮ್ಮೆ ಹೊತ್ತದಿದ್ದರೆ ಸೆಲ್ ನೋಡಿ. ಮಾಮೂಲಿ ಆಲ್ಕಲೈನ್ ಎಎ ಸೆಲ್‌ಗಳು ಬೇಗ ಸುಸ್ತಾಗುತ್ತವೆ, ಪ್ರತಿ ಮಿಂಚಿನ ನಡುವೆ ಕಾಯುವ ಹೊತ್ತು ಹೆಚ್ಚುತ್ತ ಹೋಗುತ್ತದೆ. ರಿಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕರ ಮೂರು ಸೆಟ್ ಇರಲಿ. ಹಳೆಯದು ಹೊಸದು ಬೆರೆಸಬಾರದು, ನಾಲ್ಕರಲ್ಲಿ ಒಂದು ಸೋತರೂ ನಾಲ್ಕೂ ಸೋತಂತೆ. ಸೆಲ್ ಹೊಸದಾಗಿದ್ದೂ ನಿಂತರೆ ಫ್ಲ್ಯಾಶ್ ಕಾದಿದೆ. ಪೂರ್ಣ ಬಲದಲ್ಲಿ ಸಾಲಾಗಿ ಹೊಡೆದಾಗ ಅದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಐಎಸ್‌ಒ ಒಂದು ಸ್ಟಾಪ್ ಏರಿಸಿದರೆ ಫ್ಲ್ಯಾಶಿನ ಹೊರೆ ಅರ್ಧವಾಗುತ್ತದೆ.

ನೀವು ಒತ್ತದೆಯೇ ನಿಮ್ಮ ಫ್ಲ್ಯಾಶ್ ಮಿಂಚುತ್ತಿದೆಯೇ? ಅದು ಎಸ್1 ಅಥವಾ ಎಸ್2 ಸ್ಲೇವ್ ಮೋಡಿನಲ್ಲಿದೆ, ಇನ್ನೊಬ್ಬರ ಮಿಂಚು ಕಂಡು ತಾನೂ ಮಿಂಚುತ್ತಿದೆ. ರೇಡಿಯೋ ಟ್ರಿಗರ್ ಇದ್ದರೆ ಎರಡೂ ಕಡೆಯವರು ಒಂದೇ ಚಾನೆಲ್‌ನಲ್ಲಿದ್ದೀರಿ. ಇದರಿಂದ ನಿಮ್ಮ ಸೆಲ್ ಖಾಲಿ, ಅವರ ಫೋಟೋ ಸುಟ್ಟು ಬಿಳಿ. ಬೀಗರ ಕಡೆಯಿಂದ ಬಂದ ಫೋಟೋದವರೊಂದಿಗೆ ಬೆಳಿಗ್ಗೆಯೇ ಮಾತಾಡಿ ಚಾನೆಲ್ ಹಂಚಿಕೊಳ್ಳಿ. ಅವರಿಗೆ ಇದು ಹೊಟ್ಟೆಪಾಡು, ನಿಂತುಕೊಳ್ಳುವ ಜಾಗದಲ್ಲಿ ಅವರಿಗೇ ಮೊದಲ ಪಾಳಿ ಕೊಡಬೇಕು.

ಅಕ್ಕಿಕಾಳಿನ ಹೊತ್ತು

ಎಲ್ಲರೂ ಒಮ್ಮೆಲೇ ಎದ್ದು ನಿಲ್ಲುತ್ತಾರೆ, ನೂರಾರು ಕೈಗಳು ಮೇಲೇಳುತ್ತವೆ, ನೆಲದ ಮೇಲೆ ನಿಂತವರ ಫೋಟೋದಲ್ಲಿ ತೋಳುಗಳೇ ಬರುತ್ತವೆ. ಮುಂಚೆಯೇ ವೇದಿಕೆಯ ಪಕ್ಕದ ಮೂಲೆ ಹಿಡಿದು ಮೊಣಕಾಲೂರಿ ಕೂರುವುದು ಲೇಸು. ಮಂಗಳಾಷ್ಟಕ ಹೇಳುವ ಮದುವೆಗಳಲ್ಲಿ ಪ್ರತಿ ಶ್ಲೋಕದ ಕೊನೆಗೆ ‘ಸಾವಧಾನ’ ಅಂದಾಗಲೆಲ್ಲ ಕಾಳು ಬೀಳುತ್ತವೆ. ಮೊದಲ ಸಲದ್ದನ್ನು ಪರೀಕ್ಷೆಗೆಂದೇ ಬಳಸಿ, ಫೋಟೋ ಓದಿ, ಒಂದು ತಿದ್ದುಪಡಿ ಮಾಡಿ. ಕೊನೆಯ ಸಾವಧಾನಕ್ಕೆ ಅಂತರಪಟ ಸರಿಯುತ್ತದೆ, ಅಷ್ಟರೊಳಗೆ ಎಲ್ಲ ಸರಿಯಾಗಿರಬೇಕು. ಅಂತರಪಟ ಹಿಡಿದಿರುವಾಗ ಆಟೊಫೋಕಸ್ ಬಟ್ಟೆಯ ಮೇಲೆ ನಿಂತಿರುತ್ತದೆ. ಸರಿದ ಕ್ಷಣ ಅದು ಮುಖ ಹುಡುಕಲು ತಡಮಾಡುತ್ತದೆ. ಎಎಫ್-ಸಿ (ಸತತವಾಗಿ ಹಿಂಬಾಲಿಸುವ ಆಟೊಫೋಕಸ್) ಇಟ್ಟು, ಒಂಟಿ ಬಿಂದುವನ್ನು ಬಟ್ಟೆಯ ಅಂಚಿನಾಚೆಯ ಮದುಮಗಳ ಬಾಸಿಂಗದ ಮೇಲೆ ಮೊದಲೇ ಕೂರಿಸಿಕೊಳ್ಳಿ.

ಫೋಟೋ ತುಂಬ ದೊಡ್ಡ ದೊಡ್ಡ ಬಿಳಿ ಉಂಡೆಗಳು ತೇಲುತ್ತಿದ್ದರೆ ಅವು ಲೆನ್ಸಿಗೆ ಹತ್ತಿರ ಬಿದ್ದ ಕಾಳುಗಳು, ನೇರ ಫ್ಲ್ಯಾಶ್ ಅವನ್ನು ಬೆಳಗಿಸಿದೆ. ಫ್ಲ್ಯಾಶ್ ಬಂದ್ ಮಾಡಿ ಐಎಸ್‌ಒ ಏರಿಸಿ, ಅಥವಾ ಬದಿಯಿಂದ ತೆಗೆಯಿರಿ. ಕಾಳು ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ 1/500 ಬೇಕು. ಒಳಾಂಗಣದಲ್ಲಿ ಅಷ್ಟು ಬೆಳಕು ಸಿಗದಿದ್ದರೆ 1/160ರಲ್ಲಿ ಸಣ್ಣ ಗೀಟುಗಳಾಗಿ ಬಂದರೂ ಚೆಂದವೇ.

ಬಿಸಿಲು, ಭಂಡಾರ, ನೀರು

ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುವುದು ವಿಶೇಷವಲ್ಲ. 4ಕೆ ವಿಡಿಯೋ ತೆಗೆಯುವಾಗ ಕ್ಯಾಮೆರಾ ತಾನಾಗಿ ನಿಂತರೆ, ಫೋನಿನ ಕ್ಯಾಮೆರಾ ಮುಚ್ಚಿಕೊಂಡರೆ ಕಾವೇ ಕಾರಣ. ಬ್ಯಾಟರಿ ತೆಗೆದು, ಹಿಂದಿನ ಪರದೆಯನ್ನು ಮೈಯಿಂದ ಹೊರಕ್ಕೆ ತೆರೆದು, ನೆರಳಿನಲ್ಲಿ ಫ್ಯಾನಿನ ಕೆಳಗೆ ಹತ್ತು ನಿಮಿಷ ಇಡಿ. ಫ್ರಿಜ್‌ನಲ್ಲಿ ಇಡುವ ಉಪಾಯ ಹೇಳುವವರು ಸಿಗುತ್ತಾರೆ, ಇಡಬಾರದು. ಹೊರತೆಗೆದಾಗ ಒಳಗೆಲ್ಲ ನೀರಾಡುತ್ತದೆ. ವಿಡಿಯೋ 1080ಕ್ಕೆ ಇಳಿಸಿದರೆ ಕಾವು ಬಹಳ ಕಡಿಮೆ.

ಏಸಿಯಿಂದ ಹೊರಬಂದಾಗ ಲೆನ್ಸ್ ಮಂಜಾಗುವುದು ಬೆಳಗಾವಿಯ ಮಳೆಗಾಲದ ತೊಂದರೆ. ವಿಜಯಪುರದ ಒಣ ಬೇಸಿಗೆಯಲ್ಲಿ ಅಷ್ಟಾಗಿ ಕಾಣದು. ಒರೆಸಿದರೆ ಮತ್ತೆ ಕೂರುತ್ತದೆ. ಹೊರಬರುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹೊರಗೆ ಇಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ.

ಭಂಡಾರ (ಅರಿಷಿಣದ ಪುಡಿ) ಹಾರಿಸುವ ಕಡೆ ಲೆನ್ಸ್ ಬದಲಿಸಬೇಡಿ. ಆ ಪುಡಿ ಬಲು ನಯ, ಜೂಮ್ ಕೊಳವೆಯೊಳಗೂ ಇಳಿಯುತ್ತದೆ. ಬಿದ್ದದ್ದನ್ನು ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ, ಆಮೇಲೆ ಒಣ ಬ್ರಷ್ ಆಡಿಸಿ. ಒದ್ದೆ ಬಟ್ಟೆ ಮೊದಲೇ ಹಚ್ಚಿದರೆ ಅರಿಷಿಣ ಕಲೆಯಾಗಿ ಕೂರುತ್ತದೆ. ಸುರಗಿ ಸುತ್ತಿ ನೀರು ಹಾಕುವಾಗ ಪಾರದರ್ಶಕ ಚೀಲವೊಂದನ್ನು ಲೆನ್ಸಿನ ಮುಂದಷ್ಟೇ ತೂತು ಮಾಡಿ ರಬ್ಬರ್‌ಬ್ಯಾಂಡ್ ಹಾಕಿಕೊಂಡರೆ ಸಾಕು.

ಕಾರ್ಡ್ ಓದುತ್ತಿಲ್ಲ

ಕಾರ್ಡ್ ಎರರ್ ಬಂದ ಕೂಡಲೇ ಮಾಡಬೇಕಾದ್ದು, ಇನ್ನೊಂದು ಫೋಟೋವನ್ನೂ ಅದಕ್ಕೆ ತೆಗೆಯದಿರುವುದು. ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ಹೊರತೆಗೆದು, ಪಕ್ಕದ ಲಾಕ್ ಕೆಳಗೆ ಎಳೆದು, ಬೇರೆ ಜೇಬಿಗೆ ಹಾಕಿ, ಹೊಸ ಕಾರ್ಡಿನಲ್ಲಿ ಕೆಲಸ ಮುಂದುವರಿಸಿ. ಮೈಕ್ರೊ ಕಾರ್ಡನ್ನು ಅಡಾಪ್ಟರಿನಲ್ಲಿ ಬಳಸಿದ್ದರೆ ಅರ್ಧ ಸಂಶಯ ಅಡಾಪ್ಟರಿನ ಮೇಲೇ, ಅದನ್ನು ಬದಲಿಸಿ ನೋಡಿ. ಮನೆಗೆ ಬಂದ ಮೇಲೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ಫೋಟೋಗಳನ್ನು ಕಂಪ್ಯೂಟರಿಗೆ ಎತ್ತಿಕೊಳ್ಳಿ, ಅದೇ ಕಾರ್ಡಿಗೆ ಬರೆಸಬೇಡಿ. ಕೈತಪ್ಪಿ ಅಳಿಸಿದ್ದೂ ಹೆಚ್ಚಾಗಿ ಸಿಗುತ್ತದೆ. ಅದರ ಮೇಲೆ ಹೊಸದು ಬರೆದದ್ದು ಸಿಗುವುದಿಲ್ಲ.

ಮೊದಲರ್ಧ ಫೋಟೋಗಳು ಸರಿ, ಉಳಿದವೆಲ್ಲ ತೆರೆಯುವುದಿಲ್ಲ ಎಂದರೆ ಕಾರ್ಡು ನಕಲಿ ಇರಬಹುದು. 128 ಜಿಬಿ ಎಂದು ತೋರಿಸಿಕೊಳ್ಳುವ 16 ಜಿಬಿ ಕಾರ್ಡುಗಳು ಪೇಟೆಯಲ್ಲಿವೆ. ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ಬರೆದು ಓದಿಸಿ ಪರೀಕ್ಷಿಸಿ. ಸಾಲಾಗಿ ಒತ್ತಿದಾಗ ಕ್ಯಾಮೆರಾ ಸಿಕ್ಕಿಕೊಂಡು ನಿಂತರೆ ಕಾರ್ಡ್ ನಿಧಾನದ್ದು, ವಿ30 (ಬರೆಯುವ ವೇಗ ಸೂಚಿಸುವ) ಗುರುತಿನದು ಬೇಕು. ಒಂದೇ ದೊಡ್ಡ ಕಾರ್ಡಿಗಿಂತ 64 ಜಿಬಿಯ ಎರಡು ಲೇಸು, ತಾಳಿಯ ಮುಂಚೆ ಒಂದು, ಆಮೇಲೆ ಒಂದು.

ಬೇಕಾದವರೇ ಫೋಟೋದಲ್ಲಿಲ್ಲ

ಇದಕ್ಕೆ ಮೆನುವಿನಲ್ಲಿ ಮದ್ದಿಲ್ಲ, ಆಮೇಲೆ ಸರಿಪಡಿಸಲೂ ಆಗದು. ಹೂವಿನ ಫೋಟೋ ಮೂವತ್ತು, ಸೋದರತ್ತೆಯದ್ದು ಒಂದೂ ಇಲ್ಲ ಎನ್ನುವುದು ಹವ್ಯಾಸಿಗಳ ಮಾಮೂಲಿ ದೋಷ. ಹಿಂದಿನ ದಿನವೇ ಎರಡೂ ಮನೆಯ ಒಬ್ಬೊಬ್ಬ ಹಿರಿಯ ಹೆಣ್ಣುಮಗಳ ಹತ್ತಿರ ಕುಳಿತು ಚೀಟಿ ಬರೆಸಿಕೊಳ್ಳಿ. ಗಂಡಸರನ್ನು ಕೇಳಿದರೆ ‘ಎಲ್ಲಾರ್ದೂ ತಗೀ’ ಅನ್ನುತ್ತಾರೆ, ಅದರಿಂದ ಉಪಯೋಗವಿಲ್ಲ. ಅಜ್ಜ-ಅಜ್ಜಿ, ಸೋದರಮಾವ, ದೂರದಿಂದ ಬಂದು ಅದೇ ದಿನ ಹೊರಡುವವರು ಚೀಟಿಯ ಮೇಲ್ಗಡೆ ಇರಲಿ. ವಯಸ್ಸಾದವರನ್ನು ಬಿಸಿಲೇರುವ ಮುಂಚೆ, ಊಟಕ್ಕೂ ಮುಂಚೆ ತೆಗೆದು ಮುಗಿಸಿ. ಆಯೇರಿ (ಉಡುಗೊರೆ ಕೊಡುವುದು) ಶುರುವಾದರೆ ವೇದಿಕೆ ಬಿಟ್ಟು ಕದಲಲಾಗದು, ಎರಡು ತಾಸು ಅಲ್ಲೇ. ಆ ಹೊತ್ತಿಗೆ ಚೀಟಿ ಹಿಡಿದು ‘ಕಾಕಾರ, ಇತ್ತ ಬರ್ರಿ, ಒಂದ್ ಫೋಟೋ ಐತ್ರಿ’ ಎಂದು ಕರೆತರಲು ಮಂದಿಯ ಗುರುತಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗಿಟ್ಟುಕೊಳ್ಳಿ.

ಗುಂಪಿನಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ. ಹತ್ತು ಮಂದಿಯಿದ್ದರೆ ಐದು ಫೋಟೋ, ಇಪ್ಪತ್ತಿದ್ದರೆ ಹತ್ತು ಎಂದು ಸಾಲಾಗಿ ತೆಗೆಯಿರಿ.

ಕೊಡುವಾಗ ಬರುವ ದೋಷಗಳು

ಎರಡು ಕ್ಯಾಮೆರಾದ ಫೋಟೋ ಕೂಡಿಸಿದಾಗ ತಾಳಿ ಕಟ್ಟಿದ ಮೇಲೆ ಅರಿಷಿಣ ಬಂದರೆ ಗಡಿಯಾರ ಹೊಂದಿಲ್ಲ. ಐದೂವರೆ ತಾಸಿನ ಅಂತರವಿದ್ದರೆ ಟೈಮ್‌ಜೋನ್, ಹನ್ನೆರಡು ತಾಸಿದ್ದರೆ ಬೆಳಿಗ್ಗೆ-ರಾತ್ರಿ ಅದಲುಬದಲು. ಕಾರ್ಯದ ಬೆಳಿಗ್ಗೆ ಎಲ್ಲ ಕ್ಯಾಮೆರಾದಿಂದಲೂ ಒಂದೇ ಫೋನಿನ ಗಡಿಯಾರದ ಫೋಟೋ ತೆಗೆದಿಟ್ಟರೆ, ಆಮೇಲೆ ಎಕ್ಸಿಫ್‌ಟೂಲ್ ಅಥವಾ ಡಿಜಿಕ್ಯಾಮ್‌ನಲ್ಲಿ ಅಷ್ಟು ಅಂತರವನ್ನು ಒಟ್ಟಿಗೇ ಸರಿಸಬಹುದು.

ಕ್ಯಾಮೆರಾದಲ್ಲಿ ಬಣ್ಣ ಚೆಂದ, ಫೋನಿನಲ್ಲಿ ಸಪ್ಪೆ ಎಂದರೆ ಕಲರ್ ಸ್ಪೇಸ್ ಅಡೋಬ್ ಆರ್‌ಜಿಬಿಯಲ್ಲಿದೆ, ಎಸ್‌ಆರ್‌ಜಿಬಿಗೆ ಬದಲಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೇ ಆಲ್ಬಮ್ಮಿಗೆ ಕೊಟ್ಟವರಿಗೆ ಮುಖಗಳು ಚೌಕ ಚೌಕವಾಗಿ ಬರುತ್ತವೆ. ಅದು ಫೋಟೋವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಡಿ. 12×18 ಇಂಚಿನ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು, 24 ಮೆಗಾಪಿಕ್ಸೆಲ್ ಫೋಟೋದಲ್ಲಿ ಅದು ಇದೆ, ಅರ್ಧ ಕತ್ತರಿಸಿದರೆ ಇಲ್ಲ.

ಪೆನ್‌ಡ್ರೈವಿಗೆ ವಿಡಿಯೋ ಹಾಕುವಾಗ ಜಾಗ ಖಾಲಿಯಿದ್ದರೂ ‘ಫೈಲ್ ದೊಡ್ಡದು’ ಅಂದರೆ ಅದು ಫ್ಯಾಟ್32, 4 ಜಿಬಿ ಮೀರಿದ ಒಂದೇ ಫೈಲು ಅದರಲ್ಲಿ ಕೂರದು. ಎಕ್ಸ್‌ಫ್ಯಾಟ್ ಮಾಡಿದರೆ ಕೂರುತ್ತದೆ, ಆದರೆ ಹಳೆಯ ಟಿವಿಗಳು ಅದನ್ನು ಓದುವುದಿಲ್ಲ. ಬೀಗರ ಮನೆಯಲ್ಲಿ ಯಾವ ಟಿವಿ ಇದೆಯೆಂದು ಮೊದಲು ಕೇಳಿ, ಹಳೆಯದಿದ್ದರೆ ವಿಡಿಯೋವನ್ನು 4 ಜಿಬಿಗಿಂತ ಸಣ್ಣ ತುಂಡುಗಳಾಗಿ ಕತ್ತರಿಸಿ ಫ್ಯಾಟ್32ರಲ್ಲೇ ಕೊಡಿ.